ಕಂಪ್ರೆಸರ್ ಮೋಟಾರಿನ ಸ್ಟಾರ್ಟರ್ ಪದೇ ಪದೇ ಬೀಳುವುದೇಕೆ?

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಅಡಿಕೆ ಸದಸ್ಯರು ಸಂಘದ ಕಚೇರಿಗೆ ಬಂದಾಗ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಕಂಪ್ರೆಸರ್ ಚಾಲೂ ಮಾಡಿ ಹತ್ತು ನಿಮಿಷ ಆಗೂದ್ರೊಳಗ ಸ್ಟಾರ್ಟರ್ ಬೀಳತೈತ್ರಿ, ಏನ್ ಮಾಡೂದು?” ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

ನೀರು ಕಡಿಮೆ ಇದ್ದು ಹೂಳು ಬರುವ ಬೋರಿನಲ್ಲಿ ಸಬ್‌ಮರ್ಸಿಬಲ್ ಪಂಪು ಬಾಳುವುದಿಲ್ಲವೆಂದು ನಮ್ಮಲ್ಲಿ ಹಲವರು ಕಂಪ್ರೆಸರ್ ಕೂಡಿಸಿದ್ದೇವೆ. ಯಂತ್ರವೆಲ್ಲ ಮೇಲೆಯೇ ಇರುತ್ತದೆ. ಬೋರಿನೊಳಗೆ ಗಾಳಿಯ ಪೈಪು ಮತ್ತು ನೀರಿನ ಪೈಪು ಮಾತ್ರ. ಗಾಳಿ ನೀರಿನೊಡನೆ ಬೆರೆತು, ಅದನ್ನು ಹಗುರ ಮಾಡಿ ಮೇಲಕ್ಕೆ ತರುತ್ತದೆ.

ಸ್ಟಾರ್ಟರಿನೊಳಗಿನ ಓವರ್‌ಲೋಡ್ ರಿಲೇಯಲ್ಲಿ ಮೂರು ಫೇಸಿಗೆ ಮೂರು ಲೋಹದ ಪಟ್ಟಿಗಳಿರುತ್ತವೆ. ಮೋಟಾರು ಮಿತಿಮೀರಿ ಕರೆಂಟು ಎಳೆದಾಗ ಅವು ಕಾದು ಬಾಗಿ ಸ್ಟಾರ್ಟರನ್ನು ಬೀಳಿಸುತ್ತವೆ. ರಿಲೇ ಬಿದ್ದರೆ ಕೆಟ್ಟಿರುವುದು ರಿಲೇ ಎಂದು ತಿಳಿಯುವುದೇ ನಾವು ಮಾಡುವ ಮೊದಲ ತಪ್ಪು. ನಾನೂ ಮಾಡಿದ್ದೇನೆ. 2023ರ ಬರಗಾಲದಲ್ಲಿ ನನ್ನ 7.5 ಎಚ್.ಪಿ. ಮೋಟಾರು ಒಮ್ಮೆಯೂ ಬೀಳಲಿಲ್ಲ. 2024ರಲ್ಲಿ ಮಳೆಯಾಗಿ ಬೋರಿಗೆ ನೀರು ಬಂದ ಮೇಲೆ ದಿನಾಲೂ ಬೀಳತೊಡಗಿತು. ರಿಲೇಯ ತಿರುಪನ್ನು 11 ಆಂಪಿಯರಿನಿಂದ 15ಕ್ಕೆ ತಿರುಗಿಸಿದವನು ನಾನೇ. ಹನ್ನೊಂದನೆಯ ದಿನ ಮೋಟಾರು ಹೊಗೆಯಾಡಿತು.

ನೀರು ಹೆಚ್ಚಿದರೆ ಮೋಟಾರು ಸುಡುವುದೇಕೆ? ಗಾಳಿ ಪೈಪಿನ ತುದಿಯಿಂದ ಹೊರಬರಬೇಕಾದರೆ ಅದರ ಮೇಲಿರುವ ನೀರಿನ ಒತ್ತಡವನ್ನು ಮೀರಬೇಕು. ಸುಮಾರು 33 ಅಡಿ ನೀರಿಗೆ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ. ನನ್ನ ಪೈಪು 300 ಅಡಿಗಿತ್ತು. ಬರಗಾಲದಲ್ಲಿ ನೀರು 200 ಅಡಿಗೆ ಇಳಿದಿದ್ದಾಗ ಪೈಪಿನ ತುದಿಯ ಮೇಲಿದ್ದದ್ದು 100 ಅಡಿ ನೀರು, ಎಂದರೆ 3 ಕಿಲೋ. ನೀರು 100 ಅಡಿಗೆ ಏರಿದಾಗ ಅದು 6 ಕಿಲೋ ಆಯಿತು. ಕಂಪ್ರೆಸರಿನ ಕೆಲಸ ಸುಮಾರು ಶೇಕಡಾ 40ರಷ್ಟು ಹೆಚ್ಚಿತು. ಅದರಲ್ಲಿಯೂ ಚಾಲೂ ಮಾಡುವ ಹೊತ್ತಿನಲ್ಲಿ ಒತ್ತಡ ಹೆಚ್ಚು; ನೀರು ಎತ್ತಿದ ಹಾಗೆ ಮಟ್ಟ ಇಳಿದು ಹೊರೆ ಕಡಿಮೆಯಾಗುತ್ತದೆ. ರೀವೈಂಡಿಂಗ್ ಆದ ಬಳಿಕ ಪೈಪುಗಳನ್ನು 80 ಅಡಿ ಮೇಲಕ್ಕೆ ಎಳೆಸಿದೆ, ಗಾಳಿಯ ಲೈನಿಗೆ ವಾಲ್ವ್ ಒಂದನ್ನು ಕೂಡಿಸಿ ಅದನ್ನು ತೆರೆದಿಟ್ಟೇ ಚಾಲೂ ಮಾಡಿ ನಿಧಾನವಾಗಿ ಮುಚ್ಚುವ ಪದ್ಧತಿ ಇಟ್ಟುಕೊಂಡೆ. ತಿರುಪು ಮತ್ತೆ 11ಕ್ಕೆ ಬಂದಿದೆ. ಬೇಸಿಗೆಯಲ್ಲಿ ನೀರು ಇಳಿದರೆ ಪೈಪನ್ನು ಮತ್ತೆ ಇಳಿಸಬೇಕು, ಇಲ್ಲವಾದರೆ ಬರೀ ಗಾಳಿ ಬರುತ್ತದೆ. ಇದು ರಗಳೆಯೇ ಸರಿ, ಆದರೆ ರೀವೈಂಡಿಂಗಿಗಿಂತ ಅಗ್ಗ.

ಎಲ್ಲರ ಕಾರಣವೂ ಇದೇ ಆಗಿರಬೇಕಿಲ್ಲ. ಟಾಂಗ್ ಟೆಸ್ಟರನ್ನು ಮೂರು ವೈರಿಗೂ ಒಂದೊಂದಾಗಿ ಹಾಕಿ ಕರೆಂಟು ನೋಡಿರಿ. ಒಂದರಲ್ಲಿ ಏನೂ ಇಲ್ಲದೆ ಎರಡರಲ್ಲಿ ವಿಪರೀತವಿದ್ದರೆ ಒಂದು ಫೇಸು ಹೋಗಿದೆ: ಫ್ಯೂಸ್ ಹೋಗಿರಬಹುದು, ಸ್ಟಾರ್ಟರಿನ ಕಾಂಟ್ಯಾಕ್ಟ್ ಸುಟ್ಟಿರಬಹುದು. ಮೂರರಲ್ಲಿಯೂ ಹೆಚ್ಚಿದ್ದರೆ ವೋಲ್ಟೇಜ್ ನೋಡಬೇಕು. 415 ಇರಬೇಕಾದದ್ದು 370ರ ಕೆಳಗೆ ಇಳಿದಿದ್ದರೆ ಆಗ ಓಡಿಸಬೇಡಿರಿ. ರಾತ್ರಿ ಸಿಂಗಲ್ ಫೇಸಿನಲ್ಲಿ ಕಂಡೆನ್ಸರ್ ಕಟ್ಟಿ ಓಡಿಸುವವರಿಗೆ ನಾನು ಏನು ಹೇಳಿದರೂ ಕೇಳುವುದಿಲ್ಲವೆಂದು ಗೊತ್ತಿದೆ.

ವೋಲ್ಟೇಜ್ ಸರಿಯಿದ್ದೂ ಮೂರರಲ್ಲಿ ಕರೆಂಟು ಹೆಚ್ಚಿದ್ದರೆ, ಮೇನ್ ಸ್ವಿಚ್ ತೆಗೆದು, ಫ್ಯೂಸನ್ನು ಕಿತ್ತು ಕಿಸೆಯಲ್ಲಿಟ್ಟುಕೊಂಡ ಮೇಲೆಯೇ ಬೆಲ್ಟು ಬಿಚ್ಚಿರಿ. ಮತ್ತೆ ಫ್ಯೂಸ್ ಹಾಕಿ ಬರೀ ಮೋಟಾರನ್ನು ಓಡಿಸಿರಿ. ಆಗಲೂ ಬಿದ್ದರೆ ದೋಷ ಮೋಟಾರಿನಲ್ಲಿ ಅಥವಾ ಸ್ಟಾರ್ಟರಿನಲ್ಲಿ. ಬೀಳದಿದ್ದರೆ ಕಂಪ್ರೆಸರಿನ ಕಡೆಗೆ ಹೋಗಿರಿ: ಬೆಲ್ಟು ಅತಿ ಬಿಗಿಯಾಗಿದೆಯೇ, ಎಣ್ಣೆ ಇದೆಯೇ, ವಾಲ್ವಿನಲ್ಲಿ ಮಸಿ ಕಟ್ಟಿದೆಯೇ, ಗಾಳಿಯ ಪೈಪಿನ ತುದಿ ಹೂಳಿನಿಂದ ಮುಚ್ಚಿದೆಯೇ ಎಂದು ನೋಡಬೇಕು. ಮಲೆನಾಡಿನಲ್ಲಿ ಕಾಫಿ ತೋಟವಿರುವವರು ಪಲ್ಪರಿನ ಮೋಟಾರಿಗೂ ಬೆಲ್ಟು ಬಿಚ್ಚುವ ಈ ಪರೀಕ್ಷೆಯನ್ನು ಮಾಡಬಹುದು.

ರಿಲೇಯ ತಿರುಪು ಮೋಟಾರಿನ ಹೆಸರು ಫಲಕದ ಆಂಪಿಯರಿಗೆ ಸರಿಯಾಗಿರಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ವೈಂಡಿಂಗಿನ ಲೈನಿಗೆ ಇದ್ದರೆ ಅದರ 0.58 ಪಾಲು ಮಾತ್ರ. 11ಕ್ಕೆ ಸುಮಾರು 6.4. ಬಿದ್ದ ರಿಲೇಯನ್ನು ತಣ್ಣಗಾಗಲು ಬಿಡದೆ ಮತ್ತೆ ಮತ್ತೆ ಒತ್ತಬಾರದು.

ಸಂಘದ ಕಚೇರಿಯಲ್ಲಿ ಟಾಂಗ್ ಟೆಸ್ಟರ್ ಒಂದಿದೆ. ಸದಸ್ಯರು ಸಹಿ ಮಾಡಿ ಎರಡು ದಿನಗಳ ಮಟ್ಟಿಗೆ ಒಯ್ಯಬಹುದು. ಹಿಂದಿರುಗಿಸುವಾಗ ಮೂರು ಫೇಸಿನ ಕರೆಂಟು, ವೋಲ್ಟೇಜ್, ಪೈಪಿನ ಆಳ, ನೀರಿನ ಮಟ್ಟ ಇಷ್ಟನ್ನು ಅಲ್ಲಿಟ್ಟಿರುವ ಪುಸ್ತಕದಲ್ಲಿ ಬರೆದಿಟ್ಟು ಹೋಗಬೇಕಾಗಿ ವಿನಂತಿ.