ಪೆಟ್ರೋಲಿನಲ್ಲಿ ಬೆರೆತ ಕಬ್ಬಿನ ಬೆವರು

ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ ಲೋಕಾಪುರದಿಂದ ಮುಧೋಳಕ್ಕೆ ಹೋಗುವ ಹಾದಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಅವುಗಳ ಪಕ್ಕದಲ್ಲಿಯೇ ನಮ್ಮ ತರುಣರು ಮೋಟಾರ್ ಸೈಕಲ್ಲುಗಳ ಮೇಲೆ ಧಾವಿಸುತ್ತಾರೆ. ಆ ಕಬ್ಬಿನ ಹೇರಿಗೂ ಈ ಗಾಡಿಯ ಟಾಕಿಗೂ ಇಂದು ನಂಟು ಬೆಳೆದಿದೆ ಎಂಬುದನ್ನು ಎಷ್ಟು ಮನೆಗಳವರು ಬಲ್ಲರು?

ನಮ್ಮ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ೮೫ಕ್ಕೂ ಮಿಕ್ಕ ಪಾಲು ಹೊರನಾಡುಗಳಿಂದ ಬರುತ್ತದೆ. ಈ ಹಂಗನ್ನು ತಗ್ಗಿಸಲೆಂದು ೨೦೦೩ರಲ್ಲಿ ಪೆಟ್ರೋಲಿಗೆ ನೂರಕ್ಕೆ ೫ ಭಾಗ ಎಥೆನಾಲ್ ಬೆರೆಸುವ ಯೋಜನೆ ಆರಂಭವಾಯಿತು. ೨೦೨೨ರಲ್ಲಿ ಅದು ೧೦ ಭಾಗವಾಯಿತು. ೨೦೨೩ರ ಫೆಬ್ರವರಿಯಲ್ಲಿ ೨೦ ಭಾಗ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ೨೦೨೫ರಲ್ಲಿ ದೇಶವೇ ಆ ಗುರಿಯನ್ನು ಮುಟ್ಟಿತು.

ಎಥೆನಾಲ್ ಎಂಬುದು ಕಬ್ಬಿನ ರಸವನ್ನೋ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನೋ ಹುದುಗಿಸಿ ಭಟ್ಟಿಯಿಳಿಸಿದ ದ್ರವ. ಮೆಕ್ಕೆಜೋಳ, ಅಕ್ಕಿಗಳಿಂದಲೂ ಅದನ್ನು ತೆಗೆಯುತ್ತಾರೆ. ಒಂದು ಟನ್ ಕಬ್ಬಿನ ರಸವನ್ನು ನೇರವಾಗಿ ಬಳಸಿದರೆ ಸುಮಾರು ೭೦ ಲೀಟರ್ ದೊರೆಯುತ್ತದೆ. ಅದರ ದಹನಶಕ್ತಿ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಕಡಿಮೆ. ಆದಕಾರಣ ಗಾಡಿ ಓಡುವ ದೂರ ಕೊಂಚ ತಗ್ಗುವುದು ಸಹಜ. ಅದು ನೀರನ್ನು ಬೇಗ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಟಾಕಿಯ ಮುಚ್ಚಳ ಭದ್ರವಾಗಿರಲಿ. ಹಳೆಯ ಗಾಡಿಗಳ ರಬ್ಬರಿನ ನಳಿಕೆಗಳನ್ನು ಆಗಾಗ ಪರೀಕ್ಷಿಸಬೇಕು.

ಇಲ್ಲಿಗೆ ಮಾತು ಮುಗಿಯದು. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಪಡೆಯಲು ಬೆಳೆಗೆ ಉಣಿಸುವ ನೀರೂ ಸೇರಿ ಸುಮಾರು ೨,೮೬೦ ಲೀಟರ್ ನೀರು ಬೇಕೆಂದು ನೀತಿ ಆಯೋಗದ ೨೦೨೧ರ ವರದಿ ಲೆಕ್ಕ ಹಾಕಿದೆ. ನಮ್ಮ ಸೀಮೆಯಲ್ಲಿ ಆ ನೀರು ಘಟಪ್ರಭೆಯದು, ಕೃಷ್ಣೆಯದು, ಬತ್ತುತ್ತಿರುವ ಕೊಳವೆಬಾವಿಗಳದು. ಅದನ್ನು ಬೆಳೆಗೆ ಹಾಯಿಸಿದ ರೈತನೋ, ೨೦೨೫ರ ನವೆಂಬರಿನಲ್ಲಿ ತನ್ನ ಕಬ್ಬಿಗೆ ನ್ಯಾಯವಾದ ದರ ಕೇಳಲು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಬೀದಿಗಿಳಿಯಬೇಕಾಯಿತು. ಹೊರನಾಡಿನ ಹಂಗು ತಪ್ಪಿಸುವ ಕಾಯಕವನ್ನು ಯಾರ ಹೆಗಲಿಗೆ ಹೊರಿಸಿದ್ದೇವೆಯೋ, ಅವನ ಋಣ ತೀರದೆ ಆ ಕಾಯಕ ಪೂರ್ಣವಾಗದು.

ಪಂಕ್ತಿಯಲ್ಲಿ ಕುಳಿತಾಗ ಪ್ರಸಾದದ ಒಂದು ಅಗುಳನ್ನೂ ಚೆಲ್ಲದ ನಾವು, ಅದೇ ಓಣಿಯ ಅಂಗಡಿಗೆ ಗಾಡಿಯೇರಿ ಹೋಗುತ್ತೇವೆ. ಮಠದ ಜಾತ್ರೆಗೆ ಒಂದೇ ಮನೆಯಿಂದ ಮೂರು ಗಾಡಿ ತೆಗೆಯುತ್ತೇವೆ. ಪೆಟ್ರೋಲಿನಲ್ಲಿಯೂ ಈಗ ನೆಲ, ಜಲ, ಬೆವರು ಬೆರೆತಿವೆ. ಅನ್ನದ ವಿಷಯದಲ್ಲಿರುವ ಎಚ್ಚರ ಇಲ್ಲಿಯೂ ಇರಲಿ. ತಾಯಂದಿರು ಮಕ್ಕಳಿಗೆ ಇದನ್ನು ತಿಳಿಹೇಳಲಿ. ಹಿರಿಯರಾದ ನಾವು ಹತ್ತಿರದ ಹಾದಿಯನ್ನು ನಡೆದು ತೋರಿಸೋಣ.