ತಗಡಿನ ಕೆಲಸಕ್ಕೆ ಯಾವ ಸಲಕರಣೆ ಕೊಳ್ಳಬೇಕು?



ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಪಕ್ಕದ ಗಾಳಿಬೀಡಿನ ಮಳೆ ನಿಮಗೇ ಗೊತ್ತು. ಸೂರಿನ ನೀರು ಹಿಡಿಯುವ ದಂಬೆ, ಡೀಸೆಲ್ ಸುರಿಯುವ ಆಲಿಕೆ, ಕೋಳಿಗೆ ಮೇವಿನ ತಟ್ಟೆ, ಇವನ್ನೆಲ್ಲ ಮನೆಯಲ್ಲೇ ತಗಡಿನಿಂದ ಮಾಡಬಹುದು. ಆದರೆ ಸಂಘದಲ್ಲಿ ಸಾಲ ತೆಗೆದು ಮೊದಲೇ ಮಡಚುವ ಯಂತ್ರ ತರಬೇಡಿ. ಯಂತ್ರ ಮೂಲೆಯಲ್ಲಿ ಕೂತರೂ ಕಂತು ಕಟ್ಟಲೇಬೇಕಾಗ್ತದೆ.

ಹಣ ಹಾಕಬೇಕಾದ್ದು ಕತ್ತರಿಗೆ. ಹಳೇ ಮಾದರಿಯ ತಗಡು ಕತ್ತರಿಗೆ ಕೈಬಲ ಜಾಸ್ತಿ ಬೇಕು, ಸ್ವಲ್ಪ ಹೊತ್ತಿಗೇ ಮಣಿಕಟ್ಟು ನೋಯ್ತದೆ. ಸ್ಪ್ರಿಂಗ್ ಇರುವ ಜೋಡಿ ಕೀಲಿನ ಕತ್ತರಿ ಕಡಿಮೆ ಬಲದಲ್ಲಿ ಕತ್ತರಿಸ್ತದೆ. ಅಂಗಡಿಯಲ್ಲಿ ಏವಿಯೇಷನ್ ಸ್ನಿಪ್ ಅಂತ ಕೇಳಿ. ಸಾಮಾನ್ಯವಾಗಿ ಹಳದಿ ಹಿಡಿಯದ್ದು ನೇರಕ್ಕೆ, ಕೆಂಪು ಎಡಕ್ಕೆ ತಿರುವಲು, ಹಸಿರು ಬಲಕ್ಕೆ. ಶುರುವಿಗೆ ಹಳದಿ ಒಂದೇ ಸಾಕು. ನಿಮ್ಮ ಕೈಯಲ್ಲೇ ತೆರೆದು ಮುಚ್ಚಿ ನೋಡಿ ಕೊಳ್ಳಿ. ಗಂಡಸರ ಕೈಗೆ ಹೊಂದುವುದು ಹೆಂಗಸರ ಕೈಗೆ ಅಗಲವಾಗಬಹುದು. ಮನೆಗೆ ತಂದ ಮೇಲೆ ಬೇಲಿ ತಂತಿ ಕತ್ತರಿಸಲು ಯಾರಿಗೂ ಕೊಡಬೇಡಿ, ಬಾಯಿ ಮುರೀತದೆ. ಕತ್ತರಿಯ ಜೊತೆಗೇ ಒಂದು ಜೊತೆ ಚರ್ಮದ ಕೈಗವಸು ಇರಲಿ.

ತಗಡಿನ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. 26 ಗೇಜಿನ ಜಿ.ಐ. ತಗಡು ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ, ಕೈಕೆಲಸಕ್ಕೆ ಹಿತ.

ಮಡಚಲು ಎರಡು ಕಬ್ಬಿಣದ ಆಂಗಲ್ ತುಂಡು, ಎರಡು ಸಿ-ಕ್ಲಾಂಪ್ ಸಾಕು. ನಡುವೆ ತಗಡು ಇಟ್ಟು ಬಿಗಿದು, ಮರದ ಕೊಡತಿಯಿಂದ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ತಟ್ಟುತ್ತ ಬನ್ನಿ. ಕಬ್ಬಿಣದ ಸುತ್ತಿಗೆಯಾದರೆ ಗುಳಿ ಬೀಳ್ತದೆ. ಕತ್ತರಿಸಿದ ಅಂಚನ್ನು ಒಂದು ಸಲ ಒಳಕ್ಕೆ ಮಡಚಿದರೆ ಕೈ ಕೊಯ್ಯುವುದಿಲ್ಲ, ಸಾಮಾನೂ ಗಟ್ಟಿ.

ಜೋಡಿಸಲು ಬೆಸುಗೆಗಿಂತ ರಿವೆಟ್ ಕಲಿಯುವುದು ಸುಲಭ. ಕೈಯಲ್ಲಿ ಒತ್ತುವ ರಿವೆಟ್ ಗನ್ ಮತ್ತು ಡ್ರಿಲ್ ಬೇಕು. 3.2 ಮಿ.ಮೀ. ರಿವೆಟ್‌ಗೆ 3.3 ಮಿ.ಮೀ. ತೂತು. ದಂಬೆಯ ಎರಡು ತುಂಡು ಸೇರಿಸುವಾಗ ನೀರು ಬರುವ ಕಡೆಯ ತುಂಡು ಒಳಗಿರಲಿ. ಇಲ್ಲದಿದ್ದರೆ ಜೋಡಣೆಯಲ್ಲೇ ಸೋರ್ತದೆ.

ಒಂದು ವಿಷಯದಲ್ಲಿ ಮಾತ್ರ ಜಾಗ್ರತೆ. ಜೇನು, ಕಾಚಂಪುಳಿ ಸುರಿಯಲು ಜಿ.ಐ. ತಗಡಿನ ಆಲಿಕೆ ಮಾಡಿ ಮಾರಬೇಡಿ. ಹುಳಿಗೆ ತಗಡಿನ ಸತು ಕರಗಿ ಆಹಾರಕ್ಕೆ ಸೇರ್ತದೆ. ಅದಕ್ಕೆ ಸ್ಟೀಲೇ ಆಗಬೇಕು. ಜಿ.ಐ. ತಗಡನ್ನು ಬೆಂಕಿಯಲ್ಲಿ ಕಾಯಿಸಲೂ ಬೇಡಿ, ಆ ಹೊಗೆ ಕುಡಿದರೆ ಚಳಿಜ್ವರ ಬರ್ತದೆ.

ದಂಬೆ ಕೇಳಿಕೊಂಡು ಬರುವುದು ಮಳೆ ಹಿಡಿಯುವ ಮುಂಚೆ. ಕಕ್ಕಡಕ್ಕೆ ತಗಡು ತಂದು ರಾಶಿ ಹಾಕಿದರೆ ಹಾಳೆಗಳ ನಡುವೆ ನೀರು ನಿಂತು ಬಿಳಿ ತುಕ್ಕು ಹಿಡೀತದೆ. ಉಳಿದದ್ದನ್ನು ಒರೆಸಿ, ನಡುವೆ ಗಾಳಿಯಾಡುವಂತೆ ಗೋಡೆಗೆ ಒರಗಿಸಿಡಿ. ಕತ್ತರಿಯ ಬಾಯಿಗೆ ಎಣ್ಣೆ ಸವರಿಡಿ.

ಮೂರ್ನಾಲ್ಕು ಮಂದಿ ಸೇರಿ ಶುರುಮಾಡುವುದಾದರೆ ಕತ್ತರಿ, ಕೈಗವಸು ಅವರವರದ್ದಿರಲಿ. ಡ್ರಿಲ್, ರಿವೆಟ್ ಗನ್ ಸಂಘದ ಹೆಸರಲ್ಲಿ ಕೊಂಡು, ಯಾರ ಮನೆಯಲ್ಲಿ ಇಡುವುದು, ಕೆಟ್ಟರೆ ಯಾರು ರಿಪೇರಿ ಮಾಡಿಸುವುದು ಎಂದು ಮೊದಲೇ ನಿರ್ಣಯ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ.