ನೀರಿನ ಮಟ್ಟವೂ ಅಳಿವೆಯ ಅರಣ್ಯವೂ

ವಿಶಾಖಪಟ್ಟಣಕ್ಕೆ ಈಶಾನ್ಯದಲ್ಲಿರುವ ಭೀಮುನಿಪಟ್ಟಣವು ಡಚ್ಚರ ಹಳೆಯ ಗೋರಿಗಳಿಂದ ಪ್ರಸಿದ್ಧವಾದ ಊರು. ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿ, ಬೊರ್ರಾ ಗುಹೆಗಳ ಬಳಿ ಹರಿದುಬರುವ ಗೋಸ್ತನೀ ನದಿಯು ಇಲ್ಲಿ ಕಡಲನ್ನು ಕೂಡುತ್ತದೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಇಂತಹ ತಾಣಕ್ಕೆ ಅಳಿವೆಯೆಂದು ಹೆಸರು. ಅಳಿವೆಯ ಕೆಸರಿನಲ್ಲಿ ಬೆಳೆಯುವ ಅರಣ್ಯವನ್ನು ಕನ್ನಡದ ಕರಾವಳಿಯಲ್ಲಿ ಕಾಂಡ್ಲವನವೆಂದೂ ತೆಲುಗರಲ್ಲಿ ಮಡ ಅಡವಿಯೆಂದೂ ಕರೆಯುವರು. ಆಂಧ್ರ ತೀರದಲ್ಲಿ ಇದು ವಿಸ್ತಾರವಾಗಿ ಹಬ್ಬಿರುವುದು ಗೋದಾವರಿಯ ಕೋರಿಂಗದಲ್ಲಿ ಮತ್ತು ವಿಜಯವಾಡದ ಕೆಳಗೆ ಕೃಷ್ಣೆಯ ಮುಖಜಭೂಮಿಯಲ್ಲಿ. ಕೃಷ್ಣೆಯು ಕನ್ನಡನಾಡನ್ನು ದಾಟಿಯೇ ಅಲ್ಲಿಗೆ ಹೋಗಬೇಕಾದುದರಿಂದ ಆ ಮರಗಳ ಯೋಗಕ್ಷೇಮವು ಕನ್ನಡಿಗರಿಗೆ ಹೊರಗಿನ ವಿಷಯವಲ್ಲ.

ಬೇರಿಗೂ ಉಸಿರು ಬೇಕು. ಸಾಮಾನ್ಯ ಮರಗಳ ಬೇರುಗಳು ಮಣ್ಣಿನ ಸಂದುಗಳಲ್ಲಿರುವ ಗಾಳಿಯಿಂದ ಆಮ್ಲಜನಕವನ್ನು ಪಡೆಯುತ್ತವೆ. ನೀರು ತುಂಬಿದ ಕೆಸರಿನಲ್ಲಿ ಆ ಗಾಳಿಯಿಲ್ಲ. ಆದುದರಿಂದ ಉಪ್ಪಟಿ ಮರವು ಕಡ್ಡಿಗಳಂತಹ ಉಸಿರುಬೇರುಗಳನ್ನು ನೆಲದಿಂದ ಮೇಲಕ್ಕೆ ಚಾಚುತ್ತದೆ. ಕಾಂಡ್ಲ ಮರವು ಕಾಂಡದಿಂದ ಊರುಗೋಲಿನಂತಹ ಬೇರುಗಳನ್ನು ಇಳಿಬಿಡುತ್ತದೆ. ಇಳಿತದ ವೇಳೆಯಲ್ಲಿ ಅವುಗಳ ತೊಗಟೆಯ ರಂಧ್ರಗಳ ಮೂಲಕ ಗಾಳಿ ಒಳಸೇರುತ್ತದೆ. ಹೀಗೆ ಮರದ ಬಾಳು ನೀರಿನ ಪ್ರಮಾಣವೊಂದನ್ನೇ ಅವಲಂಬಿಸಿಲ್ಲ. ನೀರು ಎಷ್ಟು ಹೊತ್ತು ನಿಂತು ಎಷ್ಟು ಹೊತ್ತು ಸರಿಯುತ್ತದೆಂಬುದು ಮುಖ್ಯ. ಈ ತೀರದಲ್ಲಿ ದಿನದ ಭರತ ಇಳಿತಗಳಲ್ಲದೆ ಋತುವಿನ ಏರಿಳಿತವೂ ಉಂಟು. ಮಾರ್ಚಿಯ ಸುಮಾರಿಗೆ ಕಡಲಮಟ್ಟವು ತಗ್ಗಿ, ಅಕ್ಟೋಬರ್ ನವೆಂಬರುಗಳಲ್ಲಿ ಏರುತ್ತದೆ. ಮರಗಳು ಈ ತಾಳಕ್ಕೆ ಹೊಂದಿಕೊಂಡಿವೆ.

ತಾಳ ತಪ್ಪಿದಾಗ ಕೇಡು ಎರಡು ಬಗೆಯಿಂದ ಬರುತ್ತದೆ. ನೀರು ಸರಿಯದೆ ನಿಂತರೆ ಉಸಿರುಬೇರುಗಳು ಮುಳುಗಿ, ಒಳಬೇರುಗಳು ಕೊಳೆಯತೊಡಗುತ್ತವೆ, ತುದಿಕೊಂಬೆಗಳು ಒಣಗುತ್ತವೆ. ನೀರು ಬಾರದೆ ಹೋದರೆ ಕೆಸರಿನ ತೇವ ಆರಿ ಉಪ್ಪು ಉಳಿಯುತ್ತದೆ. ಉಪ್ಪಟಿಯು ಕುಳ್ಳಾಗಿ, ಕೊನೆಗೆ ಬರಿಯ ಉಪ್ಪುನೆಲದ ಕುರುಚಲು ಗಿಡಗಳಿಗೆ ಎಡೆ ಬಿಡುತ್ತದೆ. ಎರಡರಲ್ಲಿಯೂ ಮೊದಲು ಸೋಲುವುದು ಸಸಿ. ಬಲಿತ ಮರವು ಹಲವು ವರುಷ ತಾಳಿಕೊಳ್ಳಬಹುದು. ಆದುದರಿಂದ ದೂರದಿಂದ ನೋಡುವವರಿಗೆ ಹಸುರಾಗಿಯೇ ತೋರುವ ವನವು ಸಂತಾನವಿಲ್ಲದೆ ಆಗಲೇ ಮುಪ್ಪಿಗೆ ಸಂದಿರಬಹುದು.

ಕಡಲಮಟ್ಟವು ನಿಧಾನವಾಗಿ ಏರಿದರೆ ವನವು ಎರಡು ರೀತಿಯಲ್ಲಿ ಉಳಿಯಬಲ್ಲದು: ತಲೆಮಾರಿನಿಂದ ತಲೆಮಾರಿಗೆ ಒಳನಾಡಿನತ್ತ ಸರಿಯಬೇಕು, ಇಲ್ಲವೆ ಅದರ ನೆಲವೇ ನೀರಿನೊಡನೆ ಏರಬೇಕು. ಸರಿಯುವ ದಾರಿಗೆ ಹಲವೆಡೆ ಸೀಗಡಿಕೊಳಗಳ ಒಡ್ಡುಗಳು ಅಡ್ಡವಾಗಿವೆ. ನೆಲವನ್ನು ಏರಿಸುವುದು ನದಿ ತರುವ ಮೆಕ್ಕಲು. ಬೇರುಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ಮೆಕ್ಕಲು ಬಾರದಿದ್ದರೆ, ತನ್ನ ಭಾರದಿಂದಲೇ ಕುಸಿಯುವ ಮುಖಜಭೂಮಿಯಲ್ಲಿ ನೀರು ಇನ್ನೂ ಬೇಗ ಏರಿದಂತಾಗುತ್ತದೆ.

ಕೃಷ್ಣೆಯಲ್ಲಿ ಆಗಿರುವುದು ಇದೇ. ತುಂಗಭದ್ರಾ (1953), ನಾಗಾರ್ಜುನಸಾಗರ (1967), ಬಳಿಕ ಶ್ರೀಶೈಲ, ಆಲಮಟ್ಟಿ ಮೊದಲಾದ ಅಣೆಕಟ್ಟುಗಳು ಮೆಕ್ಕಲನ್ನು ಮೇಲೆಯೇ ತಡೆದವು. 1966-69ರ ಅವಧಿಯಲ್ಲಿ ನದಿಯು ವರುಷಕ್ಕೆ ಸುಮಾರು 90 ಲಕ್ಷ ಟನ್ ತೇಲುಮೆಕ್ಕಲನ್ನು ಒಯ್ಯುತ್ತಿತ್ತು; 2000-05ರ ವೇಳೆಗೆ ಅದು ಸುಮಾರು 4 ಲಕ್ಷ ಟನ್ನಿಗೆ ಇಳಿಯಿತು. 1965ರಿಂದ 2008ರವರೆಗೆ ಕೃಷ್ಣಾ-ಗೋದಾವರಿ ಮುಖಜಭೂಮಿಗಳ 336 ಕಿಲೋಮೀಟರು ತೀರದಲ್ಲಿ ಒಟ್ಟು 76 ಚದರ ಕಿಲೋಮೀಟರು ನೆಲವು ಕಡಲ ಪಾಲಾಯಿತೆಂದು ಆಂಧ್ರ ವಿಶ್ವವಿದ್ಯಾನಿಲಯದ ವಿದ್ವಾಂಸರು 2010ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದ್ದಾರೆ.

ಬಚಾವತ್ ನ್ಯಾಯಮಂಡಲಿಯು ಕೃಷ್ಣೆಯ 2060 ಟಿ.ಎಂ.ಸಿ. ನೀರನ್ನು ಹಂಚಿದಾಗ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಬಂದವು. ಈ ಮೂರನ್ನು ಕೂಡಿದರೆ ಮೊತ್ತ ಸರಿಹೋಗುತ್ತದೆ. ಅಳಿವೆಗೆಂದು ಶೇಷವೇನೂ ಉಳಿಯುವುದಿಲ್ಲ. ಕಡಲಿಗೆ ಹೋದ ನೀರು ವ್ಯರ್ಥವೆಂಬ ಮಾತು ಮೂರು ರಾಜ್ಯಗಳಲ್ಲಿಯೂ ರೂಢಿಯಾಗಿದೆ. ಬಯಲುಸೀಮೆಯ ರೈತನ ಬಾಯಾರಿಕೆ ನಿಜವಾದುದೇ. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಬಿರುಗಾಳಿಗೆ ಎದುರಾಗಿ ನಿಲ್ಲುವ ವನವೂ, ಅದರ ನೆರಳಿನಲ್ಲಿ ಮರಿಮಾಡುವ ಮೀನು ಸೀಗಡಿಗಳೂ, ಅವನ್ನು ನಂಬಿದ ಬೆಸ್ತರೂ ಆ ನೀರಿನ ಪಾಲುದಾರರೇ.

ಪರಿಹಾರದ ಯತ್ನಗಳು ನಡೆಯದಿಲ್ಲ. ಎಂ.ಎಸ್. ಸ್ವಾಮಿನಾಥನ್ ಸಂಶೋಧನ ಪ್ರತಿಷ್ಠಾನವೂ ಅರಣ್ಯ ಇಲಾಖೆಯೂ ಸ್ಥಳೀಯರೊಡಗೂಡಿ, ಉಪ್ಪೇರಿದ ನೆಲದಲ್ಲಿ ಮೀನಿನ ಮುಳ್ಳಿನ ಆಕಾರದ ಕಾಲುವೆಗಳನ್ನು ತೋಡಿ ಭರತದ ನೀರನ್ನು ಒಳಕ್ಕೆ ಬಿಟ್ಟಾಗ, ಬರಡಾಗಿದ್ದೆಡೆಯಲ್ಲಿ ಸಸಿಗಳು ಮತ್ತೆ ಬೇರೂರಿದವು. ಕಾಲುವೆಯು ಉಬ್ಬರದ ನೀರನ್ನು ತರಬಲ್ಲದು. ಮೇಲಿನ ಮೆಕ್ಕಲನ್ನು ತರಲಾರದು. ಅದು ನದಿಯಿಂದಲೇ ಬರಬೇಕು, ನದಿಗೆ ಬಿಡುವವರು ಮೇಲಿನವರು. ಮಹಾಬಲೇಶ್ವರದಿಂದ ಹಂಸಲದೀವಿಯವರೆಗೆ ಕೃಷ್ಣೆಯು ಒಂದೇ ನದಿಯೆಂಬುದನ್ನು ಲೆಕ್ಕದಲ್ಲಿ ಮರೆತರೂ ಅಳಿವೆಯ ಮರಗಳು ಮರೆಯಲಾರವು.